ಕೋಟ್ಯಧೀಶರ ಚಿತ್ರಗಳು, ನಮ್ಮ ಸೌಟುಗಳು



ಪುಣೆಯ ಶುಕ್ರವಾರ ಪೇಟೆಯಲ್ಲಿ, ಬಾಜೀರಾವ್ ರಸ್ತೆಯ ಬಳಿಯ ನಾತೂಬಾಗಿನಲ್ಲಿ, ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯವೆಂಬ ಕಟ್ಟಡವೊಂದಿದೆ. ಆಸುಪಾಸಿನ ಪೇಟೆಗಳ ಹೊಟೇಲುಗಳಲ್ಲಿ ದುಡಿಯುವ ನಮ್ಮವರು ಹಾಲಿನ ಕ್ಯಾನನ್ನೂ ತರಕಾರಿಯ ಮೂಟೆಯನ್ನೂ ಹೊತ್ತು ಅದರ ಮುಂದೆಯೇ ಓಡಾಡುತ್ತಾರೆ. ಪರದೇಶದವರು ವಿಮಾನವೇರಿ ಬಂದು ನೋಡಿಹೋಗುವ ಆ ಕಟ್ಟಡದ ಹೊಸಿಲನ್ನು ನಮ್ಮಲ್ಲಿ ದಾಟಿದವರು ಎಷ್ಟು ಮಂದಿ? ಬೆರಳು ಮಡಿಸಿ ಎಣಿಸಬಹುದು. ಈ ಸಲದ ನಮ್ಮ ಮಾತು ಅದರ ಕುರಿತು.

ಸಂಬಳ, ವಾರದ ರಜೆ, ಪ್ರಾವಿಡೆಂಟ್ ಫಂಡು ಎಂದು ಬರೆಯುತ್ತಿದ್ದ ಈ ಪುಟದಲ್ಲಿ ಇದೇನು ಹೊಸ ರಾಗ ಎಂದು ಕೆಲವರಿಗೆ ತೋರಬಹುದು. ಸಂಘದ ಕೋಣೆಯಲ್ಲಿ ಈ ವಿಷಯ ಎತ್ತಿದಾಗಲೇ ನಮ್ಮ ಹಿರಿಯ ಅಡುಗೆ ಭಟ್ಟರೊಬ್ಬರು, "ಹೊಟ್ಟೆಗೆ ಹಿಟ್ಟಿಲ್ಲದವನ ಜುಟ್ಟಿಗೆ ಮಲ್ಲಿಗೆ ಹೂವು ಯಾತಕ್ಕಪ್ಪಾ?" ಎಂದು ಕೇಳಿಬಿಟ್ಟರು. ಪ್ರಶ್ನೆ ನ್ಯಾಯವಾದುದೇ. ಆದರೆ ಈ ಮಲ್ಲಿಗೆ ಯಾರ ತೋಟದ್ದು, ಯಾರು ನೀರೆರೆದದ್ದು, ಯಾರ ಜುಟ್ಟಿಗೆ ಹೋಯಿತು ಎಂಬುದನ್ನೂ ಕೇಳಬೇಕಲ್ಲವೇ? ಅದನ್ನು ಕೇಳುವುದಕ್ಕೆ ಮೊದಲು ಅಮೆರಿಕದವರೆಗೆ ಒಮ್ಮೆ ಹೋಗಿಬರೋಣ. ಖರ್ಚೇನೂ ಇಲ್ಲ.

ಹೆನ್ರಿ ಕ್ಲೇ ಫ್ರಿಕ್ ಎಂಬ ಕೋಟ್ಯಧೀಶನೊಬ್ಬನಿದ್ದ. ಕಲ್ಲಿದ್ದಲನ್ನು ಸುಟ್ಟು ಕೋಕ್ ಮಾಡಿ ಉಕ್ಕಿನ ಕುಲುಮೆಗಳಿಗೆ ಮಾರಿ ದುಡ್ಡು ಮಾಡಿದವನು. ಮುಂದೆ ಆಂಡ್ರ್ಯೂ ಕಾರ್ನೆಗಿಯ ಉಕ್ಕಿನ ಕಂಪನಿಯ ಆಡಳಿತ ಇವನ ಕೈಗೆ ಬಂತು. ಪೆನ್ಸಿಲ್ವೇನಿಯಾ ಪ್ರಾಂತದ ಹೋಮ್‌ಸ್ಟೆಡ್ ಎಂಬ ಊರಿನಲ್ಲಿ ಆ ಕಂಪನಿಯ ದೊಡ್ಡ ಕಾರ್ಖಾನೆ. ಅಲ್ಲಿ ಕೆಲಸಗಾರರದ್ದು ಗಟ್ಟಿ ಸಂಘ. 1892ರಲ್ಲಿ ಕೂಲಿ ಕಡಿತದ ಮಾತು ಬಂದು ಕರಾರು ಮುರಿದುಬಿದ್ದಾಗ ಫ್ರಿಕ್ ಕಾರ್ಖಾನೆಯ ಸುತ್ತ ಎತ್ತರದ ಬೇಲಿ ಕಟ್ಟಿಸಿ, ಮೇಲೆ ಮುಳ್ಳುತಂತಿ ಎಳೆಸಿ, ಬಾಗಿಲಿಗೆ ಬೀಗ ಜಡಿದ. ಜುಲೈ 6ರ ನಸುಕಿನಲ್ಲಿ ಪಿಂಕರ್ಟನ್ ಕಂಪನಿಯ 300 ಬಾಡಿಗೆ ಬಂಟರನ್ನು ದೋಣಿಗಳಲ್ಲಿ ಹೊಳೆಯ ಮೇಲಿಂದ ಕರೆಸಿದ. ಇಡೀ ದಿನ ಗುಂಡಿನ ಕಾಳಗ. ಎರಡೂ ಕಡೆಯವರು ಸತ್ತರು, ಹೆಚ್ಚಿನವರು ಕೆಲಸಗಾರರು. ಆ ಬಂಟರು ಶರಣಾದರೂ ಹಿಂದಿನಿಂದ ಸರಕಾರದ ಸಾವಿರಾರು ಸೈನಿಕರು ಬಂದಿಳಿದರು. ಚಳಿಗಾಲ ಬರುವಷ್ಟರಲ್ಲಿ ಸಂಘ ಮುರಿಯಿತು. ಆ ಮೇಲೆ ಅಮೆರಿಕದ ಉಕ್ಕಿನ ಕಾರ್ಖಾನೆಗಳಲ್ಲಿ ಹನ್ನೆರಡು ಗಂಟೆಯ ದುಡಿಮೆ 1923ರ ತನಕ ನಡೆಯಿತು.

ಈ ಫ್ರಿಕ್ಕನಿಗೆ ಚಿತ್ರಗಳ ಹುಚ್ಚು. ನ್ಯೂಯಾರ್ಕಿನ ಐದನೆಯ ಅವೆನ್ಯೂದಲ್ಲಿ 1913-14ರಲ್ಲಿ ಅರಮನೆಯಂಥ ಮನೆ ಕಟ್ಟಿಸಿ, ಯುರೋಪಿನ ಹಳೆಯ ಉಸ್ತಾದರ ಚಿತ್ರಗಳಿಂದ ಅದನ್ನು ತುಂಬಿದ. ರೆಂಬ್ರಾಂಟ್ ಮುದಿವಯಸ್ಸಿಗೆ ಕಾಲಿಡುತ್ತ ತನ್ನನ್ನೇ ಬರೆದುಕೊಂಡ 1658ರ ಚಿತ್ರ ಅಲ್ಲಿದೆ. ಬೆಲ್ಲಿನಿ ಎಂಬ ಇಟಲಿಯವನು ಬರೆದ ಸಂತ ಫ್ರಾನ್ಸಿಸನ ಚಿತ್ರವಿದೆ. ಉಟ್ಟ ಬಟ್ಟೆಯನ್ನೂ ತಂದೆಯ ಮುಂದೆ ಬಿಚ್ಚಿಟ್ಟು ಬಡತನವನ್ನೇ ವ್ರತವಾಗಿ ಹಿಡಿದ ಆ ಸಂತ ಬಂದು ನಿಂತದ್ದು ಯಾರ ಹಜಾರದಲ್ಲಿ ನೋಡಿ! ಫ್ರಿಕ್ 1919ರಲ್ಲಿ, ಸಾಯುವ ವರ್ಷವೇ, ಕೊನೆಯದಾಗಿ ಕೊಂಡ ಚಿತ್ರ ಡಚ್ಚರವನಾದ ವರ್ಮೀರನದು. ಹಳದಿ ಕುಪ್ಪಸದ ಒಡತಿ ಮೇಜಿನ ಮುಂದೆ ಕೂತಿದ್ದಾಳೆ. ಪಕ್ಕದಲ್ಲಿ ಕೆಲಸದವಳು ಕಾಗದವೊಂದನ್ನು ನೀಡುತ್ತ ನಿಂತಿದ್ದಾಳೆ. ಒಡತಿಯ ಕೈ ಗದ್ದಕ್ಕೆ ಹೋಗಿದೆ. ಕಾಗದದಲ್ಲಿ ಏನಿದೆಯೋ ಎಂಬ ಚಿಂತೆ. ಆ ಕೆಲಸದವಳಿಗೆ ವಿಷಯ ಆಗಲೇ ಗೊತ್ತಿರುವಂತೆ ಕಾಣುತ್ತದೆ. ಗಿರಾಕಿಯ ಮುಖ ನೋಡಿ ಮನೆಯಲ್ಲಿ ಜಗಳವಾಗಿದೆಯೋ ಇಲ್ಲವೋ ಎಂದು ಹೇಳಬಲ್ಲ ನಮ್ಮ ಸಪ್ಲಯರುಗಳಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ವರ್ಮೀರನ ಸ್ವಂತ ಕತೆಯೂ ನಾವು ಕೇಳಬೇಕಾದದ್ದೇ. 1675ರಲ್ಲಿ ಅವನು ಸತ್ತಾಗ ಮನೆ ತುಂಬ ಮಕ್ಕಳು, ತಲೆಯ ಮೇಲೆ ಸಾಲ. ರೊಟ್ಟಿ ಅಂಗಡಿಯವನಿಗೇ 600 ಗಿಲ್ಡರಿಗೆ ಮೀರಿ ಬಾಕಿ. ವಿಧವೆಯಾದ ಹೆಂಡತಿ ಎರಡು ಚಿತ್ರಗಳನ್ನು ಆ ರೊಟ್ಟಿಯವನ ಹತ್ತಿರ ಅಡವಿಟ್ಟಳು. ಲೋಕದಲ್ಲಿ ಇಂದು ಬೆಲೆ ಕಟ್ಟಲಾಗದ ಚಿತ್ರಗಳು ಒಂದು ಕಾಲಕ್ಕೆ ಬೇಕರಿಯ ಲೆಕ್ಕದ ಪುಸ್ತಕದಲ್ಲಿ ಇದ್ದವೆಂದಾಯಿತು. ಆದುದರಿಂದ, ಕೋಟ್ಯಧೀಶನ ಗೋಡೆಯ ಮೇಲಿದೆ ಎಂದ ಮಾತ್ರಕ್ಕೆ ಚಿತ್ರದ ಮೇಲೆ ಸಿಟ್ಟಾಗುವುದು ಸರಿಯಲ್ಲವೆಂದು ನಮ್ಮ ಮತ. ಬರೆದವನು ನಮ್ಮವನೇ ಇರಬಹುದು.

ಈ ಚಿತ್ರಗಳು ಯುರೋಪಿನಿಂದ ಅಮೆರಿಕಕ್ಕೆ ಹೋದದ್ದಾದರೂ ಹೇಗೆ? ಇದರಲ್ಲಿ ಒಂದು ಗಮ್ಮತ್ತಿನ ಲೆಕ್ಕವಿದೆ. 1870ರ ನಂತರ ಅಮೆರಿಕದ ಬಯಲುಗಳ ಗೋಧಿ ಹಡಗು ತುಂಬಿ ಅಗ್ಗವಾಗಿ ಇಂಗ್ಲೆಂಡಿಗೆ ಬಂತು. ಅಲ್ಲಿನ ಭೂಮಾಲೀಕರ ಗೇಣಿ ಕುಸಿಯಿತು. 1894ರಲ್ಲಿ ಸತ್ತವರ ಆಸ್ತಿಯ ಮೇಲೆ ಹೊಸ ತೆರಿಗೆಯೂ ಬಂತು. ಲಾರ್ಡುಗಳು ಅಜ್ಜನ ಕಾಲದ ಚಿತ್ರಗಳನ್ನು ಗೋಡೆಯಿಂದ ಇಳಿಸಿ ಮಾರಿದರು. ಗೋಧಿ ಬಂದ ಹಾದಿಯಲ್ಲೇ ಚಿತ್ರಗಳು ಹೋದವು. 1909ರಲ್ಲಿ ಅಮೆರಿಕ ಹಳೆಯ ಕಲಾಕೃತಿಗಳ ಮೇಲಿನ ಆಮದು ಸುಂಕವನ್ನು ತೆಗೆದುಹಾಕಿತು. ಸುಂಕಕ್ಕೆ ಹಿಂಜರಿದು ಲಂಡನ್ನಿನಲ್ಲೇ ರಾಶಿ ಇಟ್ಟುಕೊಂಡಿದ್ದ ಜೆ. ಪಿ. ಮಾರ್ಗನ್ ಎಂಬ ಬ್ಯಾಂಕಿನ ಧಣಿ ಆ ಮೇಲೆಯೇ ಪೆಟ್ಟಿಗೆ ಕಟ್ಟಿಸಿದ. ಅಷ್ಟು ದೊಡ್ಡ ಧಣಿಯೂ ಚಿಲ್ಲರೆ ಲೆಕ್ಕ ಬಿಡುವುದಿಲ್ಲ, ಇದನ್ನು ನಾವು ಗಲ್ಲಾದ ಮುಂದೆ ನಿಂತು ಬೇಕಾದಷ್ಟು ಸಲ ನೋಡಿದ್ದೇವೆ.

ಇನ್ನು ಆಂಡ್ರ್ಯೂ ಮೆಲ್ಲನ್. ಬ್ಯಾಂಕಿನವನು, 1921ರಿಂದ 1932ರ ವರೆಗೆ ಅಮೆರಿಕದ ಖಜಾನೆಯ ಮಂತ್ರಿಯೂ ಆಗಿದ್ದವನು. 1930-31ರಲ್ಲಿ, ದೇಶದಲ್ಲಿ ಬ್ಯಾಂಕುಗಳು ಮುಳುಗಿ ಜನ ಸೂಪಿನ ಸಾಲಿನಲ್ಲಿ ನಿಂತಿದ್ದಾಗ, ಇವನು ಗುಟ್ಟಾಗಿ 21 ಚಿತ್ರಗಳನ್ನು ಕೊಂಡ. ಕೊಟ್ಟದ್ದು 66 ಲಕ್ಷ ಡಾಲರಿಗೂ ಹೆಚ್ಚು. ಮಾರಿದವರು ಯಾರೆಂದರೆ ರಷ್ಯಾದ ಸೋವಿಯತ್ ಸರಕಾರ! ಲೆನಿನ್‌ಗ್ರಾಡಿನ ಹರ್ಮಿಟೇಜ್ ಸಂಗ್ರಹಾಲಯದಿಂದ ಇಳಿಸಿದ ರಾಫೆಲ್, ಟಿಶಿಯನ್, ವಾನ್ ಐಕರ ಚಿತ್ರಗಳು ಅವು. ಯಂತ್ರಗಳನ್ನು ಕೊಳ್ಳಲು ವಿದೇಶಿ ಹಣ ಬೇಕಿತ್ತು, ಅದಕ್ಕಾಗಿ ಮಾರಿದರು. ಕಾರ್ಮಿಕರ ಹೆಸರಿನ ಸರಕಾರ ಕಾರ್ಮಿಕರ ಕಣ್ಣೆದುರಿನ ಸೊತ್ತನ್ನು ಕೋಟ್ಯಧೀಶನಿಗೆ ಮಾರಿತೆಂಬುದು ನಮ್ಮಂಥ ಪತ್ರಿಕೆಗೆ ನುಂಗಲು ಕಷ್ಟವಾದ ತುತ್ತು. ಆದರೆ ಕಹಿಯೆಂದು ಮುಚ್ಚಿಡುವ ಅಭ್ಯಾಸ ನಮಗಿಲ್ಲ. ಮೆಲ್ಲನ್ ಆ ಚಿತ್ರಗಳನ್ನೂ ಕಟ್ಟಡದ ಹಣವನ್ನೂ ದೇಶಕ್ಕೆ ಕೊಟ್ಟು 1937ರಲ್ಲಿ ತೀರಿಕೊಂಡ. ವಾಷಿಂಗ್ಟನ್ನಿನ ರಾಷ್ಟ್ರೀಯ ಚಿತ್ರಶಾಲೆ 1941ರಲ್ಲಿ ತೆರೆಯಿತು. ಒಳಗೆ ಹೋಗಲು ಅಂದಿನಿಂದ ಇಂದಿನ ತನಕ ಒಂದು ಕಾಸೂ ಕೊಡಬೇಕಾಗಿಲ್ಲ. ಕೊಟ್ಟದ್ದನ್ನು ಕೊಟ್ಟನೆಂದು ಹೇಳಲೇಬೇಕು.

ಇವರೆಲ್ಲರ ನಡುವೆ ನಮಗೆ ಹಿಡಿಸಿದವನು ಒಬ್ಬ: ಫಿಲಡೆಲ್ಫಿಯಾದ ಡಾಕ್ಟರ್ ಆಲ್ಬರ್ಟ್ ಬಾರ್ನ್ಸ್. ಕಟುಕನ ಮಗ, ಬಡ ಕೇರಿಯಲ್ಲಿ ಬೆಳೆದವನು. ಹುಟ್ಟಿದ ಕೂಸುಗಳ ಕಣ್ಣು ಹೋಗದಂತೆ ಬಿಡುವ ಆರ್ಜಿರಾಲ್ ಎಂಬ ಔಷಧಿ ತಯಾರಿಸಿ ಧನಿಕನಾದ. ಕಾರ್ಖಾನೆ ಚಿಕ್ಕದು, ಕೆಲಸಗಾರರು ಕೆಲವೇ ಜನ, ಕರಿಯರೂ ಬಿಳಿಯರೂ ಇದ್ದರು. ಎಂಟು ಗಂಟೆಯ ದಿನದಲ್ಲಿ ಆರು ಗಂಟೆ ಕೆಲಸ. ಉಳಿದೆರಡು ಗಂಟೆ ಪುಸ್ತಕ ಓದಿ ಚರ್ಚೆ ಮಾಡುವುದು. ಕೊಂಡ ಚಿತ್ರಗಳನ್ನು ಕಾರ್ಖಾನೆಯ ಗೋಡೆಗೇ ತೂಗುಹಾಕಿ, ಅದರ ಬಣ್ಣ ಹೇಗಿದೆ, ಗೆರೆ ಹೇಗೆ ಓಡಿದೆ, ನಿಮಗೇನು ಕಾಣುತ್ತದೆ ಎಂದು ಕೆಲಸಗಾರರನ್ನು ಕೇಳುತ್ತಿದ್ದ. 1922ರಲ್ಲಿ ಅವನು ಸ್ಥಾಪಿಸಿದ ಸಂಸ್ಥೆಯಲ್ಲಿ ರೆನ್ವಾರನ 181, ಸೆಜಾನನ 69, ಮಾತೀಸನ 59 ಚಿತ್ರಗಳಿವೆ. ದೊಡ್ಡ ಮನುಷ್ಯರು ನೋಡಬೇಕೆಂದು ಕಾಗದ ಬರೆದರೆ ಒರಟಾಗಿ ಇಲ್ಲವೆನ್ನುತ್ತಿದ್ದ. ಸಾಮಾನ್ಯರಿಗೆ ಬಾಗಿಲು ತೆರೆಯುತ್ತಿದ್ದ. ಮಹಾ ಜಗಳಗಂಟ ಎಂಬ ಅಪಖ್ಯಾತಿಯೂ ಇತ್ತು. ಇರಲಿ, ನಮ್ಮ ಸಂಘದಲ್ಲೂ ಅಂಥವರಿದ್ದಾರೆ, ಕೆಲಸ ಅವರಿಂದಲೇ ನಡೆಯುತ್ತದೆ.

ಈಗ ನಮ್ಮ ಕಡೆಗೆ ಬರೋಣ. ಸಾತಾರೆಯ ಹತ್ತಿರದ ಔಂಧಿನಲ್ಲಿ ಬಾಳಾಸಾಹೇಬ ಪಂತ ಪ್ರತಿನಿಧಿಯೆಂಬ ರಾಜರಿದ್ದರು. ಸೂರ್ಯನಮಸ್ಕಾರವನ್ನು ಮನೆಮನೆಗೆ ಮುಟ್ಟಿಸಿದವರು. ಸ್ವತಃ ಚಿತ್ರಕಾರರು. ಯುರೋಪಿನ ಚಿತ್ರಗಳ ಪ್ರತಿಗಳನ್ನೂ ನಮ್ಮ ದೇಶದ ಚಿತ್ರಕಾರರ ಕೃತಿಗಳನ್ನೂ ಕೂಡಿಸಿ ಗುಡ್ಡದ ಮೇಲೆ 1938ರಲ್ಲಿ ಸಂಗ್ರಹಾಲಯ ತೆರೆದರು. ಮರುವರ್ಷವೇ ಗಾಂಧೀಜಿಯವರ ಸಲಹೆಯಂತೆ ರಾಜ್ಯಾಧಿಕಾರವನ್ನು ಪ್ರಜೆಗಳಿಗೆ ಬಿಟ್ಟುಕೊಟ್ಟರು. ವಿಜಾಪುರದ ಕಡೆಯ ಗುಣದಾಳವೂ ಆಗ ಆ ಪುಟ್ಟ ಸಂಸ್ಥಾನಕ್ಕೆ ಸೇರಿದ ಕನ್ನಡ ಭಾಗ. ರಾಜರ ಮಾತು ಬಂದಾಗ ಇದೊಂದನ್ನು ನೆನೆಯದೆ ಮುಂದೆ ಹೋಗುವುದು ಅನ್ಯಾಯ. ಆದರೂ ರಾಜರ ಕೈಯಲ್ಲಿ ಬೊಕ್ಕಸವಿತ್ತು.

ಕೇಳಕರರ ಹತ್ತಿರ ಏನಿತ್ತು? ಕನ್ನಡಕದ ಅಂಗಡಿ. (ಬಾರ್ನ್ಸ್ ಕಣ್ಣಿನ ಔಷಧಿಯಿಂದ, ಇವರು ಕನ್ನಡಕದಿಂದ, ಜನರ ಕಣ್ಣು ನೋಡಿಕೊಂಡವರಿಗೇ ನೋಡುವುದರ ಬೆಲೆ ತಿಳಿಯಿತೋ ಏನೋ!) 1896ರಲ್ಲಿ ಹುಟ್ಟಿದ ದಿನಕರ ಗಂಗಾಧರ ಕೇಳಕರ 'ಅಜ್ಞಾತವಾಸಿ' ಎಂಬ ಹೆಸರಿನಲ್ಲಿ ಮರಾಠಿ ಕವಿತೆ ಬರೆಯುತ್ತಿದ್ದರು. 1920ರ ಸುಮಾರಿನಿಂದ ಹಳೆಯ ವಸ್ತುಗಳನ್ನು ಕೂಡಿಸತೊಡಗಿ, ದೇಶದ ಹಳ್ಳಿಹಳ್ಳಿ ತಿರುಗಿದರು. ಹೆಂಡತಿ ಕಮಲಾಬಾಯಿ ಈ ಹುಚ್ಚಿನಲ್ಲಿ ಸರಿಪಾಲುಗಾರರು. ಒಬ್ಬನೇ ಮಗ ರಾಜಾ ಎಳವೆಯಲ್ಲೇ ತೀರಿಕೊಂಡ. ಸಂಗ್ರಹಾಲಯದ ಹೆಸರಿನ ಮೊದಲಲ್ಲಿರುವ 'ರಾಜಾ' ಯಾವ ಅರಸನೂ ಅಲ್ಲ, ಆ ಹುಡುಗ. 1975ರಲ್ಲಿ ಕೇಳಕರರು ಇಡೀ ಸಂಗ್ರಹವನ್ನು ಮಹಾರಾಷ್ಟ್ರ ಸರಕಾರಕ್ಕೆ ಒಪ್ಪಿಸಿದರು, 1990ರಲ್ಲಿ ತೀರಿಕೊಂಡರು. ಇಪ್ಪತ್ತು ಸಾವಿರಕ್ಕೆ ಮೀರಿದ ಆ ವಸ್ತುಗಳಲ್ಲಿ ಹೊರಗಿಟ್ಟು ತೋರಿಸಲು ಸಾಧ್ಯವಾದದ್ದು 2,500ರಷ್ಟು ಮಾತ್ರ. ಜಾಗ ಸಾಲದು.

ಆದರೆ ಲೆಕ್ಕ ಹಾಗಿರಲಿ. ಅವರು ಏನನ್ನು ಕೂಡಿಸಿದರು ಎಂಬುದೇ ಮುಖ್ಯ. ಫ್ರಿಕ್ಕನಂತೆ ರಾಜರಾಣಿಯರ ಮುಖಗಳನ್ನಲ್ಲ. ದೀಪಗಳು: ನಿಲ್ಲುವ ದೀಪ, ತೂಗುವ ದೀಪ, ಕೈಯಲ್ಲಿ ಹಿಡಿಯುವ ದೀಪ. ಅಡಕತ್ತರಿಗಳು, ಒಂದರ ಹಾಗೆ ಇನ್ನೊಂದಿಲ್ಲ. ಎಲೆ ಅಡಿಕೆಯ ಪೆಟ್ಟಿಗೆ, ಸುಣ್ಣದ ಡಬ್ಬಿ, ಮಸಿ ಕುಡಿಕೆ, ಹಿಮ್ಮಡಿ ಉಜ್ಜುವ ವಜ್ರಿ. ಕೆತ್ತನೆಯ ಬಾಗಿಲುಗಳು. ತಂತಿಯ, ಚರ್ಮದ, ಊದುವ ವಾದ್ಯಗಳು. ಬಾಜೀರಾಯನು ಮಸ್ತಾನಿಗೆಂದು ಕೋತ್ರೂಡಿನಲ್ಲಿ ಕಟ್ಟಿಸಿದ ಮಹಲಿನ ಉಳಿಕೆಯನ್ನು ತಂದು ಜೋಡಿಸಿದ್ದಾರೆ. ನೋಡಲು ಬರುವವರೆಲ್ಲ ಮೊದಲು ಅಲ್ಲಿಗೇ ಓಡುತ್ತಾರೆ. ನಾವು ಹೇಳುವುದು, ಅಲ್ಲಿಗೆ ಆಮೇಲೆ ಹೋಗಿ. ಮೊದಲು ಅಡುಗೆಮನೆಯ ವಸ್ತುಗಳ ಮುಂದೆ ನಿಲ್ಲಿ.

ಅಲ್ಲಿ ಶಾವಿಗೆ ಒತ್ತುವ ಒರಳಿದೆ, ಕಾಯಿ ತುರಿಯುವ ಮಣೆಯಿದೆ, ಸೌಟು, ಜಾಲರಿ, ತಪ್ಪಲೆ, ಡಬ್ಬಿಗಳಿವೆ. ಮೋರಿಯ ಮುಂದೆ ದಿನಕ್ಕೆ ಸಾವಿರ ಪಾತ್ರೆ ತಿಕ್ಕುವವನಿಗೆ ಪಾತ್ರೆಯ ಬೆನ್ನಿನ ಸವೆತ ಕಂಡರೆ ಸಾಕು, ಎಷ್ಟು ವರ್ಷ, ಯಾವ ಕೈಯಿಂದ ತಿಕ್ಕಿದ್ದಾರೆಂದು ಹೇಳಬಲ್ಲ. ಸೌಟಿನ ಬಾಯಿ ಒಂದು ಮಗ್ಗುಲಿಗೆ ಸವೆದಿದ್ದರೆ ಅದು ತಪ್ಪಲೆಯ ತಳ ಕೆದಕಿ ಕೆದಕಿ ಸವೆದದ್ದು, ಬಲಗೈಯವರ ಸೌಟು. ಹಿಡಿಯ ತುದಿಯಲ್ಲಿ ಒಂದು ಹಕ್ಕಿಯನ್ನು ಕಂಚುಗಾರ ಮಾಡಿಟ್ಟಿದ್ದರೆ ಅದಕ್ಕೆ ಕೂಲಿ ಸಿಕ್ಕಿರಲಿಕ್ಕಿಲ್ಲ. ತುರಿಯುವುದಕ್ಕೆ ಹಕ್ಕಿ ಬೇಕಾಗಿಲ್ಲ, ಕಲಸುವುದಕ್ಕೆ ಹೂಬಳ್ಳಿ ಬೇಕಾಗಿಲ್ಲ. ಮಾಡಿದವನಿಗೆ ಮಾಡಬೇಕೆನಿಸಿತು, ಮಾಡಿದ. ಹೊಗೆಯಲ್ಲಿ ಕೂತು ಅಡುಗೆ ಮಾಡುವ ಹೆಂಗಸು ದಿನಾ ಆ ಹಕ್ಕಿಯನ್ನು ಹಿಡಿದಳು. ಜುಟ್ಟಿನ ಮಲ್ಲಿಗೆಯ ಪ್ರಶ್ನೆ ಕೇಳಿದ ನಮ್ಮ ಭಟ್ಟರಿಗೆ ಉತ್ತರ ಆ ಕಪಾಟಿನಲ್ಲಿದೆ. ಹೊಟ್ಟೆಗೆ ಅರೆ ಹಿಟ್ಟಿದ್ದವರೇ ಆ ಹೂವನ್ನು ಮಾಡಿದವರು.

ಹಾಗೆಂದು ಕೇಳಕರರನ್ನು ದೇವರ ಪೀಠದಲ್ಲಿ ಕೂರಿಸುವುದು ಬೇಡ. ಅವರಿಗೂ ವಸ್ತುಗಳು ಸಿಕ್ಕಿದ್ದು ಜನ ಕಳೆದುಕೊಳ್ಳುತ್ತಿದ್ದ ಕಾಲದಲ್ಲಿ. ವಾಡೆಗಳು ಬೀಳುತ್ತಿದ್ದಾಗ, ಹಿತ್ತಾಳೆ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗಿ ಅಲ್ಯೂಮಿನಿಯಮ್ಮು, ಆಮೇಲೆ ಸ್ಟೀಲು ಮನೆಗೆ ಬರುತ್ತಿದ್ದಾಗ. ಲಾರ್ಡಿನ ಕಷ್ಟ ಫ್ರಿಕ್ಕನಿಗೆ ಅನುಕೂಲವಾದಂತೆ ಬಡವಿಯ ಕಷ್ಟ ಸಂಗ್ರಾಹಕನಿಗೆ ಅನುಕೂಲವೇ. ವ್ಯತ್ಯಾಸವಿಷ್ಟೇ, ಇವರು ಕೊಳ್ಳದಿದ್ದರೆ ಆ ಸೌಟು ಕರಗಿ ನಲ್ಲಿಯಾಗುತ್ತಿತ್ತು. ಇನ್ನೊಂದು ಮಾತು ಮನಸ್ಸಿಗೆ ಚುಚ್ಚುತ್ತದೆ. ಫ್ರಿಕ್ಕನ ಮನೆಯಲ್ಲಿ ಚಿತ್ರದ ಕೆಳಗೆ ರೆಂಬ್ರಾಂಟ್, ವರ್ಮೀರ್ ಎಂದು ಹೆಸರಿದೆ. ಹಳೆಯ ಸೌಟಿನ ಕೆಳಗೆ ಹಾಕಲು ಹೆಸರೇ ಇಲ್ಲ. ಸೌಟು ಮಾಡಿದ ಕಂಚುಗಾರನನ್ನೂ ಅದನ್ನು ಸವೆಸಿದ ಹೆಂಗಸನ್ನೂ ಯಾರೂ ಬರೆದಿಡಲಿಲ್ಲ. ಇದು ಸಂಗ್ರಹಾಲಯದ ತಪ್ಪಲ್ಲ. ಆ ವಸ್ತು ಅಲ್ಲಿಗೆ ಬರುವ ಮೊದಲೇ ಹೆಸರು ಉದುರಿಹೋಗಿತ್ತು.

ನಮ್ಮದೂ ಹೀಗೆಯೇ ಉದುರುತ್ತಿದೆ, ನಮ್ಮ ಕಣ್ಣೆದುರೇ. ನಮಗಿಂತ ಹಿಂದಿನವರು ಕರಾವಳಿಯಿಂದ ಬಂದು ಈ ಊರಿನ ಹೊಟೇಲುಗಳಲ್ಲಿ ರಾತ್ರಿ ಎರಡು ಗಂಟೆಗೆ ಎದ್ದು ರುಬ್ಬುವ ಕಲ್ಲಿನ ಮುಂದೆ ಕೂರುತ್ತಿದ್ದರು. ಅಂಗೈಯ ಗುಳ್ಳೆ ಒಡೆದು ಗಟ್ಟಿಯಾದ ಕೈಗಳನ್ನು ನಾವು ಹುಡುಗರಾಗಿದ್ದಾಗ ಮುಟ್ಟಿ ನೋಡಿದ್ದೇವೆ. ಗ್ರೈಂಡರು ಬಂತು, ಒಳ್ಳೆಯದಾಯಿತು, ಯಾರೂ ಅಳಬೇಕಾಗಿಲ್ಲ. ಆದರೆ ಆ ಕಲ್ಲುಗಳು ಎಲ್ಲಿ ಹೋದವು? ಕೆಲವು ಹಿತ್ತಿಲಿಗೆ, ಕೆಲವು ಶ್ರೀಮಂತರ ಬಂಗಲೆಯ ಹೂದೋಟಕ್ಕೆ; ಗುಳಿಯಲ್ಲಿ ನೀರು ತುಂಬಿ ಹೂವಿನ ಎಸಳು ತೇಲಿಬಿಟ್ಟಿರುತ್ತಾರೆ. ಈಗ ದೊಡ್ಡ ದೊಡ್ಡ ಹೊಟೇಲುಗಳಲ್ಲಿ ಹೊಸದೊಂದು ಶೋಕಿ: ಹಳೆಯ ಕಾಲದ ಠಾಕುಠೀಕು. ಗೋಡೆಗೆ ಹಿತ್ತಾಳೆಯ ಕೊಪ್ಪರಿಗೆ, ಮೂಲೆಯಲ್ಲಿ ಒರಳು, ಬಾಗಿಲಲ್ಲಿ ಕಾಲುದೀಪ. ನಮ್ಮವನೊಬ್ಬ ಇಂಥ ಕಡೆ ಕ್ಲೀನರ್ ಆಗಿದ್ದ. ಗೋಡೆಯ ಕೊಪ್ಪರಿಗೆಗೆ ಪ್ರತಿ ಸೋಮವಾರ ಹುಣಿಸೆ ಹಚ್ಚಿ ಹೊಳಪು ಕೊಡಬೇಕು; ಅವನಿಗೆ ಮಲಗಲು ಮಾತ್ರ ಭಟ್ಟಿಯ ಹಿಂದಿನ ಗೋಣಿ. ಕೊಪ್ಪರಿಗೆಗೆ ಇರುವ ಮರ್ಯಾದೆ ಕೊಪ್ಪರಿಗೆ ಎತ್ತಿದವನಿಗಿಲ್ಲ. ವಸ್ತುವನ್ನು ಗೋಡೆಗೇರಿಸಿ ಅದರ ಹಿಂದಿನ ಮನುಷ್ಯನನ್ನು ಒರೆಸಿಹಾಕುವ ಈ ಶೋಕಿಗೂ ಫ್ರಿಕ್ಕನ ಹಜಾರದ ಸಂತನಿಗೂ ಏನು ಭೇದವೋ ನಮಗೆ ಕಾಣದು.

ಆದುದರಿಂದ ಸಂಘದ ಮುಂದೆ ನಾವು ಇಡುವ ಸೂಚನೆ ಇದು. ಸಂಬಳದ ಹೋರಾಟ ನಿಲ್ಲಿಸಿ ಎಂದಲ್ಲ. ಹೋಮ್‌ಸ್ಟೆಡ್ಡಿನ ಕತೆ ಹೇಳಿದ್ದು ಅದಕ್ಕೇ. ದುಡಿದವನಿಗೆ ಕೊಡದೆ ಉಳಿಸಿದ ಹಣದಿಂದಲೇ ಆ ಚಿತ್ರಗಳು ಬಂದದ್ದು. ಮೊದಲು ಕೂಲಿ ಕೊಡಲಿ, ಚಿತ್ರ ಆಮೇಲೆ ಕೊಡಲಿ. ಆದರೆ ಎಂಟು ಗಂಟೆಯ ದಿನಕ್ಕೆ ಹೋರಾಡುವುದು ಉಳಿದ ಹೊತ್ತಿನಲ್ಲಿ ಮೊಬೈಲು ತಿಕ್ಕುತ್ತ ಬಿದ್ದುಕೊಳ್ಳಲಿಕ್ಕೇನು? ಕೇಳಕರರ ಸಂಗ್ರಹ 1975ರಿಂದ ಜನರ ಸೊತ್ತು. ಜನ ಎಂದರೆ ನಾವೂ ಸೇರಿ. ಮಧ್ಯಾಹ್ನದ ಊಟದ ಗಲಾಟೆ ಮೂರಕ್ಕೆ ಮುಗಿದು ಸಂಜೆಯ ತಿಂಡಿ ಐದಕ್ಕೆ ಶುರುವಾಗುವ ನಡುವಿನ ಹೊತ್ತಿನಲ್ಲಿ, ಹತ್ತು ಹತ್ತು ಜನರಾಗಿ, ಹತ್ತಿರದ ಹೊಟೇಲಿನವರು ಹೋಗಿಬರಬಹುದು. ತಿಂಗಳಿಗೊಮ್ಮೆಯಾದರೂ ಸಂಜೆಯ ಹೊತ್ತು ಬಾಗಿಲು ತೆರೆದಿಡಬೇಕೆಂದು ಸಂಘದಿಂದ ಒಂದು ಅರ್ಜಿ ಬರೆಯೋಣ. ಕೆಲಸಗಾರರ ಸಂಘ ಸಂಗ್ರಹಾಲಯಕ್ಕೆ ಅರ್ಜಿ ಬರೆಯುವುದೇ ಎಂದು ನಕ್ಕರೆ ನಗಲಿ.

ಎರಡನೆಯದು, ನಮ್ಮ ಸಂಘದ ಕೋಣೆಯಲ್ಲಿ ಹಳೆಯ ರಸೀದಿ ಪುಸ್ತಕ ತುಂಬಿಟ್ಟ ಕಬ್ಬಿಣದ ಕಪಾಟಿದೆ. ಅದರ ಮೇಲಿನ ಎರಡು ಅಂತಸ್ತು ಖಾಲಿ ಮಾಡಿಸುತ್ತೇವೆ. ನಿಮ್ಮ ಹೊಟೇಲಿನಲ್ಲಿ ಗುಜರಿಗೆ ಹೋಗಲಿರುವ ಸೌಟು, ಕಾಫಿ ಫಿಲ್ಟರು, ದೋಸೆ ಮಗುಚುವ ಸಟ್ಟುಗ, ಹಳೆಯ ದರಪಟ್ಟಿಯ ಬೋರ್ಡು, ಹಿತ್ತಾಳೆಯ ಬಿಲ್ಲೆ ಏನಿದ್ದರೂ ಧಣಿಗಳನ್ನು ಕೇಳಿ ತನ್ನಿ. ಕೇಳದೆ ತರಬೇಡಿ, ಆ ಜಗಳ ಬಿಡಿಸಲು ನಮಗೆ ಪುರಸೊತ್ತಿಲ್ಲ. ತರುವಾಗ ಒಂದು ಚೀಟಿಯಲ್ಲಿ ಬರೆದುಕೊಡಿ: ಅದನ್ನು ಹಿಡಿದು ದುಡಿದವರ ಹೆಸರು, ಊರು, ಎಷ್ಟು ವರ್ಷ. ಬರೆಯಲು ಬಾರದವರು ಬಾಯಲ್ಲಿ ಹೇಳಿ, ನಾವು ಬರೆಯುತ್ತೇವೆ. ರುಬ್ಬುವ ಕಲ್ಲು ಇದ್ದರೆ ಅದನ್ನು ಮಹಡಿಗೆ ಹೊರಲು ನಾಲ್ಕು ಜನ ಬೇಕು. ಮಂಗಳವಾರ ಮಧ್ಯಾಹ್ನ ತನ್ನಿ, ಆ ಹೊತ್ತಿಗೆ ಕೋಣೆಯಲ್ಲಿ ಜನವಿರುತ್ತಾರೆ.